ಪವಾಡಗಳ ವಾದವೂ ಇತಿಹಾಸದ ಸಾಕ್ಷ್ಯವೂ

ಕ್ರೈಸ್ತಧರ್ಮದ ಮೇಲೆ ಬಂದ ಆಕ್ಷೇಪಗಳಿಗೆ ಯುಕ್ತಿಪೂರ್ವಕವಾಗಿ ಉತ್ತರವಿತ್ತು ಅದರ ತತ್ತ್ವಗಳನ್ನು ಸಮರ್ಥಿಸುವ ವಾಙ್ಮಯವು ಬಹು ಪ್ರಾಚೀನವಾದುದು. ಎರಡನೆಯ ಶತಮಾನದಲ್ಲಿ ಜಸ್ಟಿನನು ರೋಮಿನ ಚಕ್ರವರ್ತಿಯನ್ನು ಉದ್ದೇಶಿಸಿ ಬರೆದ ಸಮರ್ಥನೆಯ ಕಾಲದಿಂದಲೂ ಈ ಪರಂಪರೆ ನಡೆದುಬಂದಿದೆ. ಇದನ್ನು ತತ್ತ್ವಶಾಸ್ತ್ರದ ವಿದ್ಯಾರ್ಥಿಗಳಿಗೆ ಬಿಟ್ಟುಕೊಡುವುದು ನಮ್ಮಲ್ಲಿ ವಾಡಿಕೆ. ಆದರೆ ಹದಿನೆಂಟನೆಯ ಶತಮಾನದ ಬ್ರಿಟನ್ನಿನಲ್ಲಿ ಪವಾಡಗಳನ್ನು ಕುರಿತು ನಡೆದ ವಾದವು ಇತಿಹಾಸದ ವಿದ್ಯಾರ್ಥಿಗೂ ನೇರವಾಗಿ ಸಂಬಂಧಿಸಿದುದು. ಏಸುವಿನ ಪುನರುತ್ಥಾನವು ಒಂದು ಕಾಲದಲ್ಲಿ, ಒಂದು ಸ್ಥಳದಲ್ಲಿ ನಡೆದ ಘಟನೆಯೆಂದು ಕ್ರೈಸ್ತಧರ್ಮವು ಸಾರುತ್ತದೆ. ನಾವು ಕಣ್ಣಾರೆ ಕಾಣದ, ನಮ್ಮ ಅನುಭವಕ್ಕೆ ಹೊಂದದ ಘಟನೆಯನ್ನು ಪರರ ಮಾತಿನ ಮೇಲೆ ನಂಬಬಹುದೆ, ನಂಬುವುದಾದರೆ ಎಷ್ಟು ಸಾಕ್ಷ್ಯ ಬೇಕು ಎಂಬುದೇ ಅಲ್ಲಿನ ಪ್ರಶ್ನೆಯಾಯಿತು. ಇದು ಇತಿಹಾಸಕಾರನ ನಿತ್ಯದ ಪ್ರಶ್ನೆಯೂ ಹೌದು.

ಪ್ರಶ್ನೆಯ ಸ್ವರೂಪವನ್ನು ಜಾನ್ ಲಾಕನು 1690ರ ತನ್ನ ಗ್ರಂಥದಲ್ಲಿ ಒಂದು ಕಥೆಯಿಂದ ವಿಶದಪಡಿಸಿದ್ದಾನೆ. ಸಯಾಮಿನ ಅರಸನಿಗೆ ಡಚ್ ರಾಯಭಾರಿಯು ತನ್ನ ದೇಶದಲ್ಲಿ ಚಳಿಗಾಲಕ್ಕೆ ನೀರು ಗಟ್ಟಿಯಾಗುವುದೆಂದೂ ಅದರ ಮೇಲೆ ಆನೆಯೂ ನಡೆಯಬಹುದೆಂದೂ ಹೇಳಿದನು. ಅದುವರೆಗೆ ಅವನ ಮಾತನ್ನೆಲ್ಲ ನಂಬಿದ್ದ ಅರಸನು ಇದೊಂದನ್ನು ಕೇಳಿ, ಈತನು ಸುಳ್ಳುಗಾರನೆಂದು ನಿಶ್ಚಯಿಸಿದನು. ಅರಸನ ತರ್ಕವು ಸರಿಯಾಗಿತ್ತು. ತೀರ್ಮಾನವು ಮಾತ್ರ ತಪ್ಪಾಯಿತು.

ಈ ಚರ್ಚೆ ಪಂಡಿತರ ವಿನೋದವಾಗಿರಲಿಲ್ಲ. ಸುವಾರ್ತೆಗಳ ಪವಾಡಗಳನ್ನು ರೂಪಕಗಳೆಂದು ಅರ್ಥೈಸಿ, ಅವುಗಳ ಅಕ್ಷರಾರ್ಥವನ್ನು ಹಾಸ್ಯಮಾಡಿ ಬರೆದ ಥಾಮಸ್ ವುಲ್‌ಸ್ಟನ್ನನು 1729ರಲ್ಲಿ ಧರ್ಮನಿಂದೆಯ ಅಪರಾಧಕ್ಕಾಗಿ ದಂಡನೆಗೂ ಸೆರೆವಾಸಕ್ಕೂ ಗುರಿಯಾದನು. ಅದೇ ವರ್ಷ ಥಾಮಸ್ ಷರ್ಲಾಕನು ಅವನಿಗೆ ಉತ್ತರವಾಗಿ ಒಂದು ಪುಸ್ತಕವನ್ನು ಪ್ರಕಟಿಸಿದನು. ಅದರಲ್ಲಿ ಏಸುವಿನ ಶಿಷ್ಯರನ್ನು ಕಲ್ಪಿತ ನ್ಯಾಯಾಲಯವೊಂದರ ಮುಂದೆ ಸುಳ್ಳುಸಾಕ್ಷಿಗಳೆಂಬ ಆಪಾದನೆಯ ಮೇಲೆ ನಿಲ್ಲಿಸಲಾಗುತ್ತದೆ; ಪಂಚಾಯತರು ಅವರನ್ನು ನಿರ್ದೋಷಿಗಳೆಂದು ಸಾರುತ್ತಾರೆ. ಧರ್ಮದ ಸತ್ಯವು ಸಾಕ್ಷಿಗಳ ವಿಶ್ವಾಸಾರ್ಹತೆಯ ಮೇಲೆ ನಿಂತಿದೆಯೆಂದು ಸಮರ್ಥಕರೇ ಹೀಗೆ ಒಪ್ಪಿಕೊಂಡಂತಾಯಿತು.

ಡೇವಿಡ್ ಹ್ಯೂಮನು 1748ರಲ್ಲಿ ತನ್ನ ಪ್ರಸಿದ್ಧ ಪ್ರಬಂಧವನ್ನು ಪ್ರಕಟಿಸಿ ಈ ಅಡಿಗಲ್ಲನ್ನೇ ಅಲುಗಿಸಿದನು. ಮುಂದೆ ಆರು ಸಂಪುಟಗಳಲ್ಲಿ ಇಂಗ್ಲೆಂಡಿನ ಇತಿಹಾಸವನ್ನು ಬರೆದವನೂ ಇವನೇ ಎಂಬುದನ್ನು ಇಲ್ಲಿ ನೆನೆಯಬೇಕು. ಅವನ ವಾದದ ಸಾರವಿದು: ವಿವೇಕಿಯು ಸಾಕ್ಷ್ಯದ ತೂಕಕ್ಕೆ ಸರಿಯಾಗಿ ನಂಬುತ್ತಾನೆ. ಪ್ರಕೃತಿನಿಯಮವು ಮಾನವಕುಲದ ಅವಿಚ್ಛಿನ್ನ ಅನುಭವದಿಂದ ಸಿದ್ಧವಾದುದು. ಪವಾಡವಾದರೋ ಆ ನಿಯಮದ ಭಂಗ. ಆದಕಾರಣ ಸಾಕ್ಷಿ ಹೇಳುವವರು ಮೋಸಹೋಗಿರುವುದು ಅಥವಾ ಮೋಸಗೊಳಿಸುತ್ತಿರುವುದು ಆ ಪವಾಡಕ್ಕಿಂತಲೂ ಹೆಚ್ಚು ಅಸಂಭವವಾಗಿದ್ದ ಹೊರತು ನಂಬಲು ಕಾರಣವಿಲ್ಲ. ಮನುಷ್ಯರು ಅದ್ಭುತಪ್ರಿಯರೆಂಬುದನ್ನೂ, ಪರಸ್ಪರ ವಿರೋಧಿಗಳಾದ ಮತಗಳೆಲ್ಲವೂ ಪವಾಡಗಳನ್ನು ಹೇಳಿಕೊಳ್ಳುತ್ತವೆಂಬುದನ್ನೂ ಅವನು ಎತ್ತಿಹಿಡಿದನು.

ಹ್ಯೂಮನು ಕೊಡುವ ಎರಡು ಕಲ್ಪಿತ ನಿದರ್ಶನಗಳು ಇತಿಹಾಸದ ವಿದ್ಯಾರ್ಥಿಗೆ ಮನನಯೋಗ್ಯವಾಗಿವೆ. 1600ನೆಯ ಇಸವಿ ಜನವರಿ 1ರಿಂದ ಎಂಟು ದಿನ ಭೂಮಂಡಲವೆಲ್ಲ ಕತ್ತಲೆಯಾಗಿತ್ತೆಂದು ಸಕಲ ದೇಶಗಳ, ಸಕಲ ಭಾಷೆಗಳ ಲೇಖಕರು ಏಕಕಂಠದಿಂದ ಹೇಳಿದರೆ ಅದನ್ನು ಒಪ್ಪಿ ಕಾರಣವನ್ನು ಹುಡುಕಬೇಕು. ಅದೇ ದಿನ ಎಲಿಜಬೆತ್ ರಾಣಿಯು ಮೃತಳಾಗಿ, ತಿಂಗಳ ಮೇಲೆ ಎದ್ದುಬಂದು ಮೂರು ವರ್ಷ ಆಳಿದಳೆಂದು ಇತಿಹಾಸಕಾರರೆಲ್ಲರೂ ಬರೆದರೂ ಒಪ್ಪಲಾಗದು. ಹಿಮದ ಸುದ್ದಿಯನ್ನು ನಂಬದ ರಾಜಕುಮಾರನನ್ನು ಅವನೂ ತರುತ್ತಾನೆ. ಹ್ಯೂಮನಲ್ಲಿ ಆ ರಾಜಕುಮಾರನು ಭಾರತೀಯ. ಅವನ ಅವಿಶ್ವಾಸವು ನ್ಯಾಯವಾದುದೇ. ಆದರೆ ಹಿಮವು ಅವನ ಅನುಭವಕ್ಕೆ ಹೊರತಾದುದೇ ವಿನಾ ವಿರುದ್ಧವಾದುದಲ್ಲವೆಂದು ಹ್ಯೂಮನ ಸಮಾಧಾನ.

ಉತ್ತರಗಳಲ್ಲಿ ಅಬರ್ಡೀನಿನ ಜಾರ್ಜ್ ಕ್ಯಾಂಬೆಲನು 1762ರಲ್ಲಿ ಬರೆದುದು ಗಮನಾರ್ಹವಾದುದು. ದೋಣಿಯೊಂದು ಸಾವಿರ ಬಾರಿ ಹೊಳೆ ದಾಟಿ ಅಷ್ಟೇ ಬಾರಿ ಕ್ಷೇಮವಾಗಿ ಮರಳಿದೆ. ಅದು ಮುಳುಗಿತೆಂದು ಅಪರಿಚಿತನೊಬ್ಬನು ಗಂಭೀರವಾಗಿ ಹೇಳಿದರೆ ನಾವು ನಂಬುತ್ತೇವೆ. ಸಾವಿರ ಅನುಭವಗಳನ್ನು ಒಂದು ಮಾತಿನೆದುರು ತೂಗಿನೋಡುವುದಿಲ್ಲ. ರಿಚರ್ಡ್ ಪ್ರೈಸನು 1767ರಲ್ಲಿ ಇದೇ ಜಾಡಿನಲ್ಲಿ ನಡೆದು ಸಂಭಾವ್ಯತೆಯ ಗಣಿತವನ್ನು ಬಳಸಿದನು. ದಿವಂಗತನಾದ ತನ್ನ ಸ್ನೇಹಿತ ಥಾಮಸ್ ಬೇಸನ ಪ್ರಬಂಧವನ್ನು 1763ರಲ್ಲಿ ರಾಯಲ್ ಸೊಸೈಟಿಗೆ ಒಪ್ಪಿಸಿದವನು ಈತನೇ. 1837ರಲ್ಲಿ ಚಾರ್ಲ್ಸ್ ಬ್ಯಾಬೇಜನು ಲೆಕ್ಕವನ್ನು ಇನ್ನೂ ಮುಂದಕ್ಕೊಯ್ದು, ಪರಸ್ಪರ ಸಂಬಂಧವಿಲ್ಲದ ಸಾಕ್ಷಿಗಳ ಸಂಖ್ಯೆ ಬೆಳೆದಂತೆ ಎಂತಹ ಅಸಂಭಾವ್ಯತೆಯನ್ನೂ ಮೀರಬಹುದೆಂದು ತೋರಿಸಿದನು. ಹತ್ತು ಸಲಕ್ಕೆ ಒಮ್ಮೆ ತಪ್ಪುವ ಮೂವರು ಪ್ರತ್ಯೇಕವಾಗಿ ಸಾಕ್ಷಿ ನುಡಿದರೆ ಮೂವರೂ ಒಟ್ಟಿಗೆ ತಪ್ಪುವುದು ಸಾವಿರಕ್ಕೆ ಒಮ್ಮೆ. ಆದರೆ ಒಬ್ಬನ ಮಾತನ್ನು ಉಳಿದಿಬ್ಬರು ಕೇಳಿ ಹೇಳಿದ್ದರೆ ಆ ಮೂವರೂ ಒಬ್ಬನೇ ಸಾಕ್ಷಿಗೆ ಸಮಾನ.

ಈ ನಡುವೆ ರಿಚರ್ಡ್ ವೇಟ್ಲಿಯು 1819ರಲ್ಲಿ ವ್ಯಂಗ್ಯದ ದಾರಿ ಹಿಡಿದನು. ಹ್ಯೂಮನ ಸೂತ್ರವನ್ನು ಕಟ್ಟುನಿಟ್ಟಾಗಿ ಅನ್ವಯಿಸಿದರೆ, ಸೇಂಟ್ ಹೆಲೆನಾದಲ್ಲಿ ಆಗ ಇನ್ನೂ ಜೀವಿಸಿದ್ದ ನೆಪೋಲಿಯನ್ನನ ಅಸ್ತಿತ್ವವೇ ಸಂದೇಹಾಸ್ಪದವಾಗುವುದೆಂದು ಅವನು ವಾದಿಸಿದನು. ಇದು ಚತುರವಾದರೂ ಹ್ಯೂಮನನ್ನು ಪೂರ್ತಿಯಾಗಿ ತಟ್ಟುವುದಿಲ್ಲ. ನೆಪೋಲಿಯನ್ನನ ವಿಜಯಗಳು ಅಸಾಧಾರಣವಾದರೂ ಪ್ರಕೃತಿನಿಯಮವನ್ನು ಮುರಿದವುಗಳಲ್ಲ.

ಆದರೆ ಅಸಾಧಾರಣವಾವುದು, ನಿಯಮಭಂಗವಾವುದು ಎಂದು ಪರೀಕ್ಷೆಗೆ ಮೊದಲೇ ನಿರ್ಣಯಿಸುವವರು ಯಾರು? ಹ್ಯೂಮನ ವಾದದಲ್ಲಿ ದುರ್ಬಲವಾದ ಸ್ಥಳವಿದು. ಆಕಾಶದಿಂದ ಕಲ್ಲು ಬಿದ್ದಿತೆಂಬ ಗ್ರಾಮಸ್ಥರ ಮಾತನ್ನು ಹದಿನೆಂಟನೆಯ ಶತಮಾನದ ವಿದ್ವಾಂಸರು ಬಹುಮಟ್ಟಿಗೆ ತಳ್ಳಿಹಾಕಿದ್ದರು. 1803ರ ಏಪ್ರಿಲ್ 26ರಂದು ಫ್ರಾನ್ಸಿನ ಲೇಗಲ್ ಊರಿನ ಬಳಿ ಕಲ್ಲುಗಳು ಸುರಿದಾಗ ಬಿಯೋ ಎಂಬ ವಿಜ್ಞಾನಿಯು ಅಲ್ಲಿಗೆ ಹೋಗಿ, ಹಳ್ಳಿಹಳ್ಳಿಯ ಸಾಕ್ಷಿಗಳನ್ನು ವಿಚಾರಿಸಿ, ಕಲ್ಲುಗಳು ಬಿದ್ದ ಪ್ರದೇಶವನ್ನು ಗುರುತಿಸಿ, ಆ ಮಾತು ನಿಜವೆಂದು ಸ್ಥಾಪಿಸಿದನು. ಹಾಗೆಂದ ಮಾತ್ರಕ್ಕೆ ಸಮರ್ಥಕರ ಪಕ್ಷವು ಗೆದ್ದಂತಾಗಲಿಲ್ಲ. ಲೇಗಲ್ಲಿನಲ್ಲಿ ಕೈಗೆತ್ತಿಕೊಂಡು ಪರೀಕ್ಷಿಸಲು ಕಲ್ಲುಗಳಿದ್ದುವು. ಸಾಕ್ಷಿಗಳನ್ನು ಬೇರೆಬೇರೆಯಾಗಿ ಪ್ರಶ್ನಿಸುವ ಅವಕಾಶವಿತ್ತು. ಪ್ರಾಚೀನ ಪವಾಡಗಳ ವಿಷಯದಲ್ಲಿ ಇವೆರಡೂ ಇಲ್ಲ. ಮತ್ತಾಯ, ಲೂಕರ ಸುವಾರ್ತೆಗಳು ಮಾರ್ಕನ ಸುವಾರ್ತೆಯನ್ನು ಬಳಸಿಕೊಂಡಿವೆಯೆಂದು ಇಂದಿನ ಬಹುಪಾಲು ವಿದ್ವಾಂಸರು ಭಾವಿಸುವುದರಿಂದ ಬ್ಯಾಬೇಜನ ಲೆಕ್ಕವನ್ನು ಅಲ್ಲಿಗೆ ಸಲೀಸಾಗಿ ಹೂಡಲಾಗದು.

ಪುನರುತ್ಥಾನವು ನಡೆಯಿತೆ ಇಲ್ಲವೆ ಎಂಬ ಪ್ರಶ್ನೆಗೆ ಈ ವಾದವು ಸರ್ವಸಮ್ಮತವಾದ ಉತ್ತರವನ್ನು ಕೊಡಲಿಲ್ಲ. ದೇವರಿದ್ದಾನೆಂದು ಮೊದಲೇ ನಂಬಿದವನಿಗೆ ಪವಾಡವು ಅಷ್ಟಾಗಿ ಅಸಂಭವವೆನಿಸದು. ನಂಬದವನಿಗೆ ಯಾವ ಸಾಕ್ಷ್ಯವೂ ಸಾಲದು. ಈ ಪೂರ್ವಭಾವನೆಯನ್ನು ಇತಿಹಾಸವು ಹುಟ್ಟಿಸಲೂ ಆರದು, ಅಳಿಸಲೂ ಆರದು. ಆದರೆ ಭಕ್ತರೂ ಸಂದೇಹವಾದಿಗಳೂ ಕೂಡಿ, ಉದ್ದೇಶಿಸದೆಯೇ, ನಮಗೊಂದು ಶಿಸ್ತನ್ನು ಬಿಟ್ಟುಹೋಗಿದ್ದಾರೆ. ಸಾಕ್ಷಿಗಳ ತಲೆಯೆಣಿಕೆಗಿಂತ ಅವರ ಸ್ವಾತಂತ್ರ್ಯವನ್ನು ಮೊದಲು ವಿಚಾರಿಸಬೇಕು. ಘಟನೆಯು ಎಷ್ಟು ಅಪೂರ್ವವೋ ಅಷ್ಟು ಬಲವಾದ ಸಾಕ್ಷ್ಯವನ್ನು ಕೇಳಬೇಕು. ತನ್ನ ಅನುಭವದ ಎಲ್ಲೆಯನ್ನು ಪ್ರಕೃತಿಯ ಎಲ್ಲೆಯೆಂದು ಭ್ರಮಿಸಬಾರದು. ಒಂದೇ ಮೂಲದಿಂದ ಐವರು ನಕಲುಮಾಡಿದ ಬಖೈರನ್ನು ಐದು ಆಧಾರಗಳೆಂದು ಎಣಿಸುವ ವಿದ್ಯಾರ್ಥಿಗೆ ಇವುಗಳಲ್ಲಿ ಮೊದಲನೆಯದು ಇಂದೂ ಬೇಕಾದ ಪಾಠವಾಗಿದೆ.