ಒಂದೇ ಹೆಸರು, ಎರಡು ಮನೆ: ಆರ್.ಪಿ.ಜಿ. ಭಾಷೆಯಲ್ಲಿ ನಾಮಸಂಘರ್ಷ ನಿವಾರಣೆ

ನಮ್ಮ ಗಡಿನಾಡಿನ ಯಾವ ಶಾಲೆಯ ಹಾಜರಿ ಪುಸ್ತಕವನ್ನು ತೆರೆದರೂ ಒಂದೇ ತರಗತಿಯಲ್ಲಿ ಇಬ್ಬರು ಬಸವರಾಜರು ಸಿಗುವುದು ಅಪರೂಪವಲ್ಲ. ಹಿಂದೊಮ್ಮೆ ನಾವು ತಂದೆಯ ಹೆಸರನ್ನು ಸೇರಿಸದೆ ಅಂಕಪಟ್ಟಿ ಬರೆದೆವು. ಒಬ್ಬನ ಗಣಿತದ ಅಂಕ ಇನ್ನೊಬ್ಬನ ಸಾಲಿಗೆ ಹೋಯಿತು. ತೇರ್ಗಡೆಯಾದ ಹುಡುಗ ಎರಡು ದಿನ ನಪಾಸಾದೆನೆಂದು ಅತ್ತನು. ತಪ್ಪು ಹುಡುಗರದಲ್ಲ, ಹೆಸರಿಟ್ಟು ಬರೆದ ನಮ್ಮದು. ಗಣಕಯಂತ್ರದ ಕ್ರಮವಿಧಿಗಳಲ್ಲಿಯೂ ಇದೇ ಪ್ರಮಾದ ನಡೆಯುತ್ತದೆಂಬುದನ್ನು ಇಲ್ಲಿ ವಿವರಿಸಲೆತ್ನಿಸುತ್ತೇವೆ.

ಆರ್.ಪಿ.ಜಿ. ಎಂಬುದು ಐ.ಬಿ.ಎಂ. ಸಂಸ್ಥೆಯವರು ವರದಿಗಳನ್ನು ಸಿದ್ಧಪಡಿಸಲೆಂದು ರೂಪಿಸಿದ ಭಾಷೆ. 1988ರಲ್ಲಿ ಬಂದ ಎ.ಎಸ್./400 ಯಂತ್ರದ ಪರಂಪರೆಯಲ್ಲಿ ಅದು ಇಂದಿಗೂ ಲೆಕ್ಕಪತ್ರಗಳ ಕೆಲಸ ಮಾಡುತ್ತಿದೆ. ಅದರ ಮೂರನೆಯ ರೂಪದಲ್ಲಿ ಒಂದು ಹೆಸರಿಗೆ ಆರೇ ಅಕ್ಷರಗಳು. ಆದುದರಿಂದ ಹೆಸರುಗಳು ಮೊಟಕಾಗಿ, ಒಂದರಂತೆ ಇನ್ನೊಂದು ಆಗುವುದು ಸಹಜವಾಗಿತ್ತು. 1994ರಲ್ಲಿ ನಾಲ್ಕನೆಯ ರೂಪ ಬಂದು ಈ ಇಕ್ಕಟ್ಟು ಸಡಿಲವಾಯಿತು. ಆದರೆ ಮೂಲ ತೊಡಕು ಉಳಿಯಿತು.

ಆ ತೊಡಕು ಯಾವುದು? ವಿದ್ಯಾರ್ಥಿಗಳ ಕಡತ ಒಂದು, ಶಿಕ್ಷಕರ ಕಡತ ಇನ್ನೊಂದು. ಎರಡರಲ್ಲಿಯೂ 'ಹೆಸರು' ಎಂಬ ಅಂಕಣವಿದೆಯೆನ್ನಿ. ಎರಡರ ಜಾತಿಯೂ ಉದ್ದವೂ ಒಂದೇ ಆಗಿದ್ದರೆ, ಕ್ರಮವಿಧಿಯಲ್ಲಿ ಅವೆರಡಕ್ಕೂ ಇರುವುದು ಒಂದೇ ಸ್ಥಳ. ಮೊದಲು ವಿದ್ಯಾರ್ಥಿಯ ದಾಖಲೆಯನ್ನೋದಿ, ಬಳಿಕ ಶಿಕ್ಷಕರದನ್ನೋದಿದರೆ, ಹುಡುಗನ ಹೆಸರು ಅಳಿದು ಮೇಷ್ಟ್ರ ಹೆಸರು ಅಲ್ಲಿ ಕೂರುತ್ತದೆ. ಯಂತ್ರ ಎಚ್ಚರಿಸುವುದಿಲ್ಲ. ಪ್ರಮಾಣಪತ್ರ ಅಚ್ಚಾದ ಮೇಲೆಯೇ ಅನರ್ಥ ತಿಳಿಯುವುದು. ಎರಡು ದತ್ತರಚನೆಗಳಲ್ಲಿ ಒಂದೇ ಉಪಾಂಗದ ಹೆಸರಿಟ್ಟರೆ ಮಾತ್ರ ಭಾಷಾಂತರ ಕಾಲದಲ್ಲಿಯೇ ಯಂತ್ರ ತಪ್ಪೆನ್ನುತ್ತದೆ. ಕಣ್ಣಿಗೆ ಬೀಳುವ ಈ ತಪ್ಪಿಗಿಂತ ಸದ್ದಿಲ್ಲದ ಮೊದಲಿನ ತಪ್ಪೇ ಹೆಚ್ಚು ಅಪಾಯಕರ.

ಪರಿಹಾರಗಳು ಎರಡು. ಮೊದಲನೆಯದು 'ಪ್ರಿಫಿಕ್ಸ್': ಒಂದು ಕಡತದ ಎಲ್ಲ ಹೆಸರುಗಳ ಹಿಂದೆಯೂ ಗುರುತಿನ ಅಕ್ಷರಗಳನ್ನು ಜೋಡಿಸುವುದು. 'ವಿ_ಹೆಸರು', 'ಶಿ_ಹೆಸರು' ಎಂಬಂತೆ. ಇದು ನಮ್ಮ ಇನಿಷಿಯಲ್ಲಿನಂತೆ. ಎರಡನೆಯದು 2001ರಲ್ಲಿ ಬಂದ 'ಕ್ವಾಲಿಫೈಡ್' ಎಂಬ ಸೂಚನೆ. ಇದನ್ನು ಹಾಕಿದ ದತ್ತರಚನೆಯ ಉಪಾಂಗವನ್ನು 'ವಿದ್ಯಾರ್ಥಿ.ಹೆಸರು' ಎಂದು ಮನೆತನದೊಡನೆಯೇ ಕರೆಯಬೇಕು. ಆಗ 'ಶಿಕ್ಷಕ.ಹೆಸರು' ಬೇರೆಯೇ ಆಗಿ ನಿಲ್ಲುತ್ತದೆ. 'ಲೈಕ್‌ಡಿಎಸ್' ಎಂಬುದರಿಂದ ಒಂದು ರಚನೆಯ ಮಾದರಿಯಲ್ಲಿ ಮತ್ತೊಂದನ್ನು ಮಾಡಿದರೆ ಅದಕ್ಕೂ ಈ ಗುಣ ತಾನಾಗಿ ಬರುತ್ತದೆ.

ಆದರೆ ಒಂದು ಎಚ್ಚರಿಕೆಯಿದೆ. ಇಂಥ ರಚನೆಯನ್ನು ಬರೆದಿಟ್ಟರೆ ಸಾಲದು. ಕಡತವನ್ನೋದುವ ಆಜ್ಞೆಯಲ್ಲಿ ಆ ರಚನೆಯ ಹೆಸರನ್ನೂ ಹೇಳಬೇಕು. ಹೇಳದಿದ್ದರೆ ಓದಿದ ಮಾಹಿತಿ ಹಳೆಯ ಬಯಲು ಹೆಸರುಗಳಿಗೇ ಹೋಗಿ, ನಮ್ಮ ರಚನೆ ಬರಿದಾಗಿ ಉಳಿಯುತ್ತದೆ. ಮನೆ ಕಟ್ಟಿ, ಅಂಚೆಯವನಿಗೆ ವಿಳಾಸ ಕೊಡದಂತಾಗುತ್ತದೆ.

ಇಂದು ನಮ್ಮ ಮಕ್ಕಳಲ್ಲಿ ಹಲವರು ಇಂಥ ಕೆಲಸಗಳಿಗೆ ಹೋಗುತ್ತಿದ್ದಾರೆ. ಅವರು ಯಾವ ಭಾಷೆಯಲ್ಲಿ ಕ್ರಮವಿಧಿ ಬರೆದರೂ, ಹೆಸರನ್ನು ಅದರ ಮನೆಯೊಡನೆ ಬರೆಯುವ ಶಿಸ್ತನ್ನು ಶಾಲೆಯ ಹಾಜರಿ ಪುಸ್ತಕದಿಂದಲೇ ಕಲಿಯಲಿ ಎಂಬುದು ನಮ್ಮ ಆಶಯ. ಮತ್ತೊಬ್ಬ ಬಸವರಾಜ ಅಳಬಾರದು.