ಕಬ್ಬು ಕಡಿದ ಮೇಲಿನ ಗಾಳಿ

ಸೈಕಲ್ ಶರ್ಯತ್ತಿಗೆ ಮೊದಲ ಸಲ ಇಳಿಯುವ ಹುಡುಗನಿಗೆ ನಮ್ಮ ಕಡೆಯ ಹಳಬರು ಹೇಳುವ ಮಾತು ಒಂದೇ: "ಗಾಳಿ ಬಾಯಾಗ ಮುಂದ ಹೋಗಬ್ಯಾಡ, ಮಂದಿ ಹಿಂದ ಹತ್ಕೊಂಡ ಹೋಗು." ಆ ಒಂದು ಮಾತಿನಲ್ಲಿ ಎಷ್ಟು ಭೌತವಿಜ್ಞಾನ ಅಡಗಿದೆ ಎಂದು ಬಿಡಿಸಿ ನೋಡಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯಲ್ಲಿ ಯುಗಾದಿಯ ಹಿಂದೆ ಮುಂದೆ ಊರೂರಿಗೆ ಜಾತ್ರೆ. ಎತ್ತಿನ ಗಾಡಿ, ಕುದುರೆ ಗಾಡಿಗಳ ಜೊತೆ ಸೈಕಲ್ ಶರ್ಯತ್ತೂ ಇರುತ್ತದೆ. ಗೇರಿನ ಸೈಕಲ್ಲಿನವರದು ಒಂದು ಓಟ, ಸಾದಾ ಸೈಕಲ್ಲಿನವರದು ಇನ್ನೊಂದು. ನನ್ನ ಮನಸ್ಸು ಸಾದಾ ಸೈಕಲ್ಲಿನ ಕಡೆಗೇ. ಮಡ್‌ಗಾರ್ಡ್, ಕ್ಯಾರಿಯರ್, ಸ್ಟ್ಯಾಂಡ್ ಎಲ್ಲ ಬಿಚ್ಚಿ, ಹ್ಯಾಂಡಲ್ ತಲೆಕೆಳಗು ತಿರುವಿದರೆ ಹಾಲಿನ ಕ್ಯಾನು ಹೊರುವ ಸೈಕಲ್ಲೇ ಶರ್ಯತ್ತಿನ ಸೈಕಲ್. ಭಾರ ಇಳಿಸುವುದಕ್ಕೆ ಹೀಗೆ ಮಾಡುತ್ತಾರೆಂದು ಬಹಳ ಮಂದಿ ತಿಳಿದಿದ್ದಾರೆ. ನಿಪ್ಪಾಣಿ ಕಡೆಯ ತವಂದಿ ಘಾಟಿನಂಥ ಏರಿನಲ್ಲಿ ಅದು ನಿಜ. ಅಥಣಿಯ ಬಯಲಿನಲ್ಲಿ ಮಾತ್ರ ಬಹುಪಾಲು ಲಾಭ ತಿರುವಿದ ಹ್ಯಾಂಡಲ್‌ನದು. ಅದು ಬೆನ್ನನ್ನು ಬಗ್ಗಿಸುತ್ತದೆ, ಬಗ್ಗಿದ ಬೆನ್ನಿಗೆ ಗಾಳಿ ಕಡಿಮೆ ಬಡಿಯುತ್ತದೆ.

ಸಪಾಟು ರಸ್ತೆಯಲ್ಲಿ ತಾಸಿಗೆ 30 ಕಿಲೋಮೀಟರ್ ವೇಗದಲ್ಲಿ ಹೋಗುವವನ ಶಕ್ತಿಯಲ್ಲಿ ಹೆಚ್ಚು ಕಡಿಮೆ ನಾಲ್ಕರಲ್ಲಿ ಮೂರು ಪಾಲು ಗಾಳಿಯನ್ನು ಸರಿಸುವುದಕ್ಕೇ ಹೋಗುತ್ತದೆ. ಎದೆ, ಹೆಗಲು, ತೊಡೆ ಸೇರಿ ಅರ್ಧ ಚದರ ಮೀಟರ್ ಎಂದು ಹಿಡಿದರೂ ಅವನ ಹಾದಿಗೆ ಅಡ್ಡ ಬರುವ ಗಾಳಿಯ ತೂಕ ನಿಮಿಷಕ್ಕೆ ಎರಡೂವರೆ ಕ್ವಿಂಟಲ್ ದಾಟುತ್ತದೆ. ಅದರ ಮೇಲೆ ಎದುರುಗಾಳಿ ತಾಸಿಗೆ 20 ಕಿಲೋಮೀಟರ್ ಇದ್ದರೆ ಅವನ ಮೈಗೆ ಬಡಿಯುವುದು 50ರ ಗಾಳಿ. ಪ್ರತಿರೋಧ ವೇಗದ ವರ್ಗದಂತೆ ಏರುವುದರಿಂದ ಅದು ಪೌಣೆ ಮೂರು ಪಟ್ಟಾಗುತ್ತದೆ.

"ಹೋಗುವಾಗ ಬೆನ್ನಿಗೆ ಗಾಳಿ ಸಿಕ್ಕರೆ, ಬರುವಾಗಿನದು ಅದಕ್ಕೆ ಸಮ ಆಗೂದಿಲ್ಲೇನು?" ಎಂದು ಹುಡುಗರು ಕೇಳುತ್ತಾರೆ. ಆಗುವುದಿಲ್ಲ. ಹತ್ತು ಕಿಲೋಮೀಟರ್ ಹೋಗಿ ತಿರುಗಿ ಬರುವ ಶರ್ಯತ್ತು ಎನ್ನೋಣ. ಗಾಳಿಯಿಲ್ಲದ ದಿನ 30ರ ವೇಗದಲ್ಲಿ 40 ನಿಮಿಷ ಸಾಕು. ಗಾಳಿಯ ದಿನ ಹೋಗುವಾಗ 40, ಬರುವಾಗ 20ರ ವೇಗ ಬಂದರೆ, 15 ಮತ್ತು 30, ಒಟ್ಟು 45 ನಿಮಿಷ. ಗಾಳಿ ನಮಗೆ ಕೊಡುವುದು ಸ್ವಲ್ಪ ಹೊತ್ತು, ಕಿತ್ತುಕೊಳ್ಳುವುದು ಬಹಳ ಹೊತ್ತು.

ಅಡ್ಡಗಾಳಿಯೂ ನಮ್ಮನ್ನು ಬಿಡುವುದಿಲ್ಲ. ನೇರ ಬಲಗಡೆಯಿಂದ ನಮ್ಮಷ್ಟೇ ವೇಗದ ಗಾಳಿ ಬೀಸಿದರೆ ಗಾಳಿಯನ್ನು ಸೀಳಿ ಮುಂದೆ ಹೋಗಲು ಬೇಕಾದ ಬಲ ಸುಮಾರು ಶೇಕಡಾ 40ರಷ್ಟು ಹೆಚ್ಚುತ್ತದೆ. ಪಕ್ಕಕ್ಕೆ ತಳ್ಳುವ ಗಾಳಿ ಹಿಂದಕ್ಕೂ ಎಳೆಯುತ್ತದೆ ಎಂಬುದು ತುಳಿದವರಿಗೆ ಮಾತ್ರ ಗೊತ್ತು.

ಇಲ್ಲಿ ಕಬ್ಬಿನ ಮಾತು ಬರಬೇಕು. ಕೃಷ್ಣೆಯ ದಂಡೆಯುದ್ದಕ್ಕೂ ರಸ್ತೆಯ ಎರಡೂ ಕಡೆ ಹತ್ತು ಅಡಿ ಎತ್ತರದ ಕಬ್ಬು ಇದ್ದಾಗ ಅದೊಂದು ಹಸಿರು ಗೋಡೆ. ಅಂಥ ತಡೆ ತನ್ನ ಎತ್ತರದ ಹತ್ತು ಪಟ್ಟು ದೂರದವರೆಗೂ ಗಾಳಿಯ ಜೋರು ಮುರಿಯಬಲ್ಲದು. ಜಾತ್ರೆಯ ಹೊತ್ತಿಗೆ ಸಕ್ಕರೆ ಕಾರ್ಖಾನೆಗಳ ಹಂಗಾಮು ಮುಗಿಯುತ್ತ ಬಂದು, ಕಬ್ಬು ಕಡಿಯುವ ಗ್ಯಾಂಗುಗಳು ಮುಕ್ಕಾಲು ಹೊಲ ಖಾಲಿ ಮಾಡಿರುತ್ತವೆ. ಒಂದು ಪಟ್ಟಿ ನಿಂತಿರುತ್ತದೆ, ಪಕ್ಕದ್ದು ಬೋಳು. ನಿಂತ ಕಬ್ಬಿನ ನೆರಳಿನಲ್ಲಿ ಗುಂಪು ಹಾಯಾಗಿ ಸಾಗುತ್ತದೆ. ಕೊನೆಯ ಸಾಲು ದಾಟಿದ ಕ್ಷಣ ಹ್ಯಾಂಡಲ್‌ಗೆ ಯಾರೋ ಕೈಹಾಕಿ ಎಳೆದ ಹಾಗೆ ಗಾಳಿ ಬಂದು ಬೀಳುತ್ತದೆ. ಆ ಜಾಗದಲ್ಲಿ ಗುಂಪು ಒಡೆಯುತ್ತದೆ. ಹಿಂದಿನ ದಿನ ಹೋಗಿ ಯಾವ ಪಟ್ಟಿ ಕಡಿದಿದೆ, ಯಾವುದು ನಿಂತಿದೆ ಎಂದು ನೋಡಿ ಬಂದ ಹುಡುಗ ಅಲ್ಲೇ ಎದ್ದು ನಿಂತು ತುಳಿಯುತ್ತಾನೆ. ಆ ಲೆಕ್ಕಾಚಾರ ಕಂಡರೆ ನನಗೆ ಬಹುಮಾನದ ಢಾಲಿಗಿಂತ ಹೆಚ್ಚು ಖುಷಿ.

ಒಬ್ಬನ ಹಿಂದೆ ಗೇಣು ಅಂತರದಲ್ಲಿ ಹತ್ತಿಕೊಂಡು ಹೋದರೆ ಸುಮಾರು ಮೂರನೇ ಒಂದು ಪಾಲು ಶ್ರಮ ಉಳಿಯುತ್ತದೆ. ಗಾಳಿ ಬಲಗಡೆಯಿಂದ ಬಂದರೆ ಆ ಆಸರೆ ನೇರ ಹಿಂದೆ ಸಿಗದು, ಓರೆಯಾಗಿ ಎಡಕ್ಕೆ ಸರಿದಿರುತ್ತದೆ. ಹಾಗಾಗಿ ಸವಾರರು ಓರೆ ಸಾಲಾಗಿ ಹರಡಿಕೊಳ್ಳುತ್ತಾರೆ. ಚಳಿಗಾಲಕ್ಕೆ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳ ಸಾಲು ನೆನಪಾಗುತ್ತದೆ, ಆದರೆ ಕಾರಣ ಬೇರೆ. ಹಕ್ಕಿ ಮುಂದಿನದರ ರೆಕ್ಕೆ ತುದಿಯಿಂದ ಮೇಲೇಳುವ ಗಾಳಿಯನ್ನು ಹುಡುಕುತ್ತದೆ, ಸವಾರ ಗಾಳಿಯೇ ಇಲ್ಲದ ಜಾಗ ಹುಡುಕುತ್ತಾನೆ. ನಮ್ಮ ಹಳ್ಳಿ ರಸ್ತೆಯ ಅಗಲ ಪೌಣೆ ನಾಲ್ಕು ಮೀಟರ್. ಅಲ್ಲಿ ಓರೆ ಸಾಲಿನಲ್ಲಿ ನಾಲ್ಕೈದು ಮಂದಿಗೆ ಮಾತ್ರ ಜಾಗ. ಆರನೆಯವನಿಗೆ ಉಳಿಯುವುದು ರಸ್ತೆಯ ಅಂಚು ಮತ್ತು ಪೂರ್ತಿ ಗಾಳಿ.

ಜಾತ್ರೆಯ ಈ ಕಾಲ ಪಂಚಾಂಗಕ್ಕೆ ವಸಂತ ಋತು. ಯುರೋಪಿನಲ್ಲೂ ವಸಂತದ ಶರ್ಯತ್ತುಗಳೇ ಕಠಿಣ, ಅಲ್ಲಿ ಚಳಿಯಿಂದ. 1980ರಲ್ಲಿ ಬೆಲ್ಜಿಯಂನ ಲಿಯೇಜ್–ಬಾಸ್ಟೋನ್–ಲಿಯೇಜ್ ಓಟದ ದಿನ ಹಿಮ ಸುರಿದು, ಹೊರಟ 174 ಮಂದಿಯಲ್ಲಿ 21 ಮಂದಿ ಮಾತ್ರ ಮುಗಿಸಿದರು. ಗೆದ್ದ ಬರ್ನಾರ್ಡ್ ಇನೋ ಅವರ ಕೈಬೆರಳು ಶೀತಕ್ಕೆ ಮರಗಟ್ಟಿದ್ದವು. ನಮ್ಮಲ್ಲಿ ಅದೇ ಋತುವಿನಲ್ಲಿ ಬಿಸಿಲು 40 ಡಿಗ್ರಿಗೆ ಹತ್ತುತ್ತದೆ.

ಮನುಷ್ಯನ ದೇಹ ಪೆಡಲ್‌ಗೆ 200 ವಾಟ್ ಕೊಡಬೇಕಾದರೆ ಒಳಗೆ ಸುಮಾರು 700 ವಾಟ್ ಶಾಖ ಹುಟ್ಟುತ್ತದೆ. ಗಾಳಿ ಚರ್ಮಕ್ಕಿಂತ ತಂಪಾಗಿದ್ದರೆ ಆ ಶಾಖದ ಒಂದಿಷ್ಟು ಪಾಲನ್ನು ಅದು ಒಯ್ಯುತ್ತದೆ. 40 ಡಿಗ್ರಿಯ ಗಾಳಿ ಒಯ್ಯುವುದಿರಲಿ, ತಾನೇ ಶಾಖ ತಂದು ಸುರಿಯುತ್ತದೆ. ಉಳಿದ ದಾರಿ ಬೆವರೊಂದೇ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ 24 ಲಕ್ಷ ಜೂಲ್ ಶಾಖ ಹೋಗುತ್ತದೆ. ತಾಸಿಗೊಂದು ಲೀಟರಿಗೂ ಹೆಚ್ಚು ನೀರು ಬೇಕು ಎಂಬ ಲೆಕ್ಕ ಇಲ್ಲಿಂದ ಬರುತ್ತದೆ. ನೆಲಕ್ಕೆ ತೊಟ್ಟಿಕ್ಕಿದ ಬೆವರು ಲೆಕ್ಕಕ್ಕಿಲ್ಲ. ಅಥಣಿಯ ಒಣ ಗಾಳಿ ಬೆವರನ್ನು ಬೇಗ ಆರಿಸುವುದರಿಂದ ಎಷ್ಟು ನೀರು ಹೋಯಿತೆಂದು ಹುಡುಗನಿಗೆ ಗೊತ್ತೇ ಆಗುವುದಿಲ್ಲ. ಮೈ ಒಣಗಿರುತ್ತದೆ, ಅಂಗಿಯ ಮೇಲೆ ಉಪ್ಪಿನ ಬಿಳಿ ಗೆರೆ ಮೂಡಿರುತ್ತದೆ. ಅವನ ಮಾತು ತೊದಲಿದರೆ, ಸೈಕಲ್ ಅತ್ತಿತ್ತ ವಾಲಿದರೆ ತಡಮಾಡದೆ ನೆರಳಿಗೆ ತಂದು ಮೈಮೇಲೆ ನೀರು ಸುರಿದು ಗಾಳಿ ಬೀಸಬೇಕು, ಆಸ್ಪತ್ರೆಗೆ ಒಯ್ಯಬೇಕು.

ಮಧ್ಯಾಹ್ನದ ಬಿಸಿ ಗಾಳಿ ತೆಳುವು ಎಂಬುದು ನಿಜ. 20 ಡಿಗ್ರಿಗಿಂತ 40ರಲ್ಲಿ ಅದರ ಸಾಂದ್ರತೆ ಶೇಕಡಾ 6ರಷ್ಟು ಕಡಿಮೆ, ಅಷ್ಟು ತಡೆಯೂ ಕಡಿಮೆ. ಆದರೂ ಶರ್ಯತ್ತು ಬೆಳಗಿನ ಏಳಕ್ಕೇ ಬಿಡಬೇಕೆಂಬುದು ನನ್ನ ಹಟ. ರಾತ್ರಿ ನೆಲ ತಣ್ಣಗಾಗಿ ಕೆಳಗಿನ ಗಾಳಿ ಭಾರವಾಗಿ ಕೂತಿರುತ್ತದೆ, ಮೇಲಿನ ಜೋರುಗಾಳಿ ಅದನ್ನು ಮುಟ್ಟುವುದಿಲ್ಲ. ಬಿಸಿಲೇರಿದಂತೆ ನೆಲದ ಬಿಸಿಗಾಳಿ ಮೇಲೆದ್ದು ಎರಡನ್ನೂ ಕಲಸುತ್ತದೆ, ಮೇಲಿನ ವೇಗ ಕೆಳಗಿಳಿಯುತ್ತದೆ. ಮಧ್ಯಾಹ್ನ ಮೂರಕ್ಕೆ ಬಿಟ್ಟರೆ ಬಿಸಿಲು, ಗಾಳಿ ಎರಡೂ ಒಟ್ಟಿಗೇ ಮೈಮೇಲೆ.

ಮೂರನೆಯದೂ ಒಂದಿದೆ, ಬೇಸಿಗೆಯಲ್ಲಿ ಬೀಳುವ ಅಡ್ಡಮಳೆ. ಗುಡುಗಿನ ಮೋಡದಿಂದ ಬೀಳುವ ಹನಿ ಅರ್ಧ ದಾರಿಯಲ್ಲೇ ಆರಿ ಸುತ್ತಲಿನ ಗಾಳಿಯನ್ನು ತಂಪು ಮಾಡುತ್ತದೆ. ತಂಪಾದ ಗಾಳಿ ಭಾರವಾಗಿ ಧೊಪ್ಪನೆ ಕೆಳಗೆ ಬಿದ್ದು, ನೆಲಕ್ಕೆ ತಾಗಿ ಸುತ್ತಲೂ ಹರಡುತ್ತದೆ. ಮಳೆಗೆ ಮೊದಲು ಧೂಳೆಬ್ಬಿಸಿ ಬರುವುದು ಇದೇ. ಆಗ ಗಾಳಿಯ ದಿಕ್ಕು ಚಿಟಿಕೆ ಹೊಡೆಯುವುದರಲ್ಲಿ ಬದಲಾಗುತ್ತದೆ, ಓರೆ ಸಾಲು ಚೆಲ್ಲಾಪಿಲ್ಲಿ. ಮೊದಲ ಹನಿಗೆ ಡಾಂಬರಿನ ಮೇಲಿನ ಧೂಳು, ಟ್ರ್ಯಾಕ್ಟರಿನ ಎಣ್ಣೆ ಸೇರಿ ರಸ್ತೆ ಜಾರುಬಂಡೆ. ಸಾದಾ ಸೈಕಲ್ಲಿನ ಉಕ್ಕಿನ ರಿಮ್ ಒದ್ದೆಯಾದರೆ ಬ್ರೇಕಿನ ರಬ್ಬರಿಗೆ ಹಿಡಿತವೇ ಸಿಗುವುದಿಲ್ಲ.

ಅಂಥ ಒಂದು ಸಂಜೆ ಎದುರಿಗೆ ಬಂದ ಟ್ರ್ಯಾಕ್ಟರಿಗೆ ದಾರಿ ಬಿಡಲು ಒಬ್ಬ ಹುಡುಗ ಎರೆ ಹೊಲಕ್ಕೆ ಇಳಿದದ್ದನ್ನು ಕಂಡಿದ್ದೇನೆ. ಎರೆ ಮಣ್ಣಿನ ಕಣ ಎಂದರೆ ಪದರದ ಮೇಲೆ ಪದರ. ನೀರು ನಡುವೆ ಹೊಕ್ಕರೆ ಉಬ್ಬಿ ಅಂಟಾಗುತ್ತದೆ. ನಾಲ್ಕು ಸುತ್ತು ತಿರುಗುವುದರಲ್ಲಿ ಗಾಲಿ ಮತ್ತು ಫೋರ್ಕಿನ ನಡುವೆ ಮಣ್ಣು ಗಟ್ಟಿಯಾಗಿ ತುಂಬಿ ಗಾಲಿ ನಿಂತೇಬಿಟ್ಟಿತು. ಅವನು ಕೆಳಗಿಳಿದು, ಬಿದ್ದಿದ್ದ ಕಬ್ಬಿನ ತುಂಡಿನಿಂದ ಒಂದಿಷ್ಟು ಕೆರೆದ. ತಿರುಗಲಿಲ್ಲ. ಸೈಕಲ್ಲನ್ನು ಹೆಗಲಿಗೇರಿಸಿ, ಚಪ್ಪಲಿ ಕೈಯಲ್ಲಿ ಹಿಡಿದು, ಮಳೆಯಲ್ಲೇ ಜಾತ್ರೆಯ ಗುಡಿಯ ಕಡೆ ಓಡತೊಡಗಿದ.