ಸೂತ್ರ ಬರೆಯುವ ತಂತ್ರಾಂಶದಲ್ಲಿ 17 ವರ್ಷ ಅಡಗಿದ್ದ ಲೋಪ

ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ವರ್ಗಮೂಲ, ಭಿನ್ನರಾಶಿ, ಸಮೀಕರಣಗಳನ್ನು ಬರೆಯಲು ಒಂದು ಕಾಲಕ್ಕೆ ಇದ್ದದ್ದು ‘ಈಕ್ವೇಷನ್ ಎಡಿಟರ್’. ಡಿಸೈನ್ ಸೈನ್ಸ್ ಎಂಬ ಕಂಪನಿ ಮಾಡಿಕೊಟ್ಟಿದ್ದ ಪುಟ್ಟ ತಂತ್ರಾಂಶವದು. ಆಫೀಸ್ 2007ರಲ್ಲಿ ಅದೇ ಕೆಲಸಕ್ಕೆ ಹೊಸ ಸೌಲಭ್ಯ ಬಂತು; ಹಳೆಯದನ್ನು ಮಾತ್ರ ತೆಗೆಯಲಿಲ್ಲ. ಅದರಲ್ಲೇ ಬರೆದಿಟ್ಟ ಹಳೇ ಫೈಲ್‌ಗಳು ತೆರೆದುಕೊಳ್ಳಬೇಕಿತ್ತಲ್ಲ! ಹೀಗೆ 2000ದ ನವೆಂಬರ್‌ನಲ್ಲಿ ತಯಾರಾದ ಪ್ರೋಗ್ರಾಂ ಹಾಗೆಯೇ ಉಳಿದುಕೊಂಡಿತು.

2017ರಲ್ಲಿ ಎಂಬೆಡಿ ಎಂಬ ಸೈಬರ್ ಭದ್ರತಾ ಸಂಸ್ಥೆಯ ಸಂಶೋಧಕರು ಅದನ್ನು ಬಿಚ್ಚಿ ನೋಡಿದರು. ಸೂತ್ರದ ಜೊತೆ ಅದರ ಫಾಂಟ್‌ನ ಹೆಸರೂ ಫೈಲ್‌ನಲ್ಲಿರುತ್ತದೆ. ಆ ಹೆಸರಿಗೆಂದು ಮೆಮೊರಿಯಲ್ಲಿ ಒಂದಿಷ್ಟು ಜಾಗ ಮೀಸಲು. ಬಂದ ಹೆಸರು ಅಷ್ಟರಲ್ಲಿ ಹಿಡಿಸುತ್ತದೆಯೇ ಎಂದು ನೋಡುವ ವ್ಯವಸ್ಥೆಯೇ ಪ್ರೋಗ್ರಾಂನಲ್ಲಿ ಇರಲಿಲ್ಲ. ಬೇಕೆಂದೇ ಉದ್ದನೆಯ ಹೆಸರು ತುರುಕಿದರೆ, ಲೋಟಕ್ಕೆ ಬಿಂದಿಗೆ ನೀರು ಸುರಿದಂತೆ, ಹೆಚ್ಚಾದದ್ದು ಪಕ್ಕಕ್ಕೆ ಚೆಲ್ಲುತ್ತದೆ. ಪ್ರೋಗ್ರಾಂ ಈ ಕೆಲಸ ಮುಗಿಸಿ ಮುಂದೆ ಎಲ್ಲಿಗೆ ಹೋಗಬೇಕು ಎಂಬ ವಿಳಾಸ ಇರುವುದೂ ಅಲ್ಲೇ ಹತ್ತಿರದಲ್ಲಿ. ಅದರ ಮೇಲೆ ತನಗೆ ಬೇಕಾದ ವಿಳಾಸ ಬರೆದ ದಾಳಿಕೋರನ ಆಜ್ಞೆಯನ್ನೇ ಕಂಪ್ಯೂಟರ್ ಪಾಲಿಸತೊಡಗುತ್ತದೆ.

ಮ್ಯಾಕ್ರೊ (ಫೈಲ್‌ನೊಳಗೇ ಇರುವ ಪುಟ್ಟ ಪ್ರೋಗ್ರಾಂ) ಇರುವ ಫೈಲ್ ಆದರೆ ವರ್ಡ್ ಆಗ ಅನುಮತಿ ಕೇಳುತ್ತಿತ್ತು. ಇಲ್ಲಿ ಆ ಪ್ರಶ್ನೆಯೂ ಇರಲಿಲ್ಲ. ಮೆಮೊರಿಯ ವಿಳಾಸಗಳನ್ನು ಅದಲುಬದಲು ಮಾಡಿ ಇಂಥ ದಾಳಿಯನ್ನು ದಿಕ್ಕು ತಪ್ಪಿಸುವ ರಕ್ಷಣೆ ವಿಂಡೋಸ್‌ಗೆ ಆಮೇಲೆ ಬಂದದ್ದು. ಅಷ್ಟು ಹಳೆಯ ಪ್ರೋಗ್ರಾಂಗೆ ಅದು ಅನ್ವಯಿಸುತ್ತಿರಲಿಲ್ಲ. ಬಳಕೆದಾರರಿಗೆ ಉಳಿದ ಆಸರೆ ಎಂದರೆ, ಇಂಟರ್ನೆಟ್‌ನಿಂದ ಬಂದ ಫೈಲ್ ತೆರೆದಾಗ ಮೇಲೆ ಕಾಣುವ ಹಳದಿ ಪಟ್ಟಿ. ಅದರ ‘ಎನೇಬಲ್ ಎಡಿಟಿಂಗ್’ ಗುಂಡಿ ಒತ್ತುವ ತನಕ ಫೈಲ್ ಕಟ್ಟುನಿಟ್ಟಿನ ಕಾವಲಿನಲ್ಲಿರುತ್ತದೆ. ಗುರುತಿಲ್ಲದವರ ‘ಬಿಲ್’ ಅಥವಾ ‘ಆರ್ಡರ್’ ಮೇಲ್‌ನಲ್ಲಿ ಬಂದಾಗ ಕೈ ತಡೆಯಬೇಕಾದದ್ದು ಆ ಗುಂಡಿಯ ಬಳಿ.

2017ರ ನವೆಂಬರ್ 14ರಂದು ಮೈಕ್ರೋಸಾಫ್ಟ್ ತಿದ್ದುಪಡಿ ಹೊರಡಿಸಿತು. ತಂತ್ರಾಂಶದ ಲೋಪಗಳಿಗೆ ತೇಪೆ ಹಾಕುವ ‘ಝೀರೋಪ್ಯಾಚ್’ ತಂಡದವರು ಅದನ್ನು ಪರಿಶೀಲಿಸಿದಾಗ ಅಚ್ಚರಿ ಕಾದಿತ್ತು. ಮೂಲ ಕೋಡ್ ತಿದ್ದಿ ಹೊಸದಾಗಿ ತಯಾರಿಸಿದ ಪ್ರೋಗ್ರಾಂ ಅದಲ್ಲ. ಯಂತ್ರಭಾಷೆಯ ಬೈಟ್‌ಗಳನ್ನೇ ಒಂದೊಂದಾಗಿ ಕೈಯಿಂದ ಬದಲಿಸಿದಂತಿತ್ತು. ಮೂಲ ಕೋಡ್ ಕಳೆದುಹೋಗಿರಬಹುದು ಎಂಬುದು ಅವರ ಊಹೆ. ಹಾಗೆ ತಿದ್ದಿದವರ ಕೌಶಲ ನಿಜಕ್ಕೂ ಮೆಚ್ಚುವಂಥದ್ದು. ಆದರೆ ಅದೇ ಪ್ರೋಗ್ರಾಂನಲ್ಲಿ ಮತ್ತೂ ಲೋಪಗಳು ಸಿಕ್ಕವು. 2018ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಈಕ್ವೇಷನ್ ಎಡಿಟರನ್ನೇ ಕಿತ್ತುಹಾಕಿತು.

ಅಪ್‌ಡೇಟ್ ಮಾಡದ ಕಂಪ್ಯೂಟರ್‌ಗಳಲ್ಲಿ ಅದು ಉಳಿದೇ ಇತ್ತು. ತಿದ್ದುಪಡಿ ಬಂದು ಎರಡೂವರೆ ವರ್ಷವಾದ ಮೇಲೆ, 2020ರ ಮೇ ತಿಂಗಳಲ್ಲಿ, ಅಮೆರಿಕದ ಎಫ್‌ಬಿಐ ಮತ್ತು ಸೈಬರ್ ಭದ್ರತಾ ಸಂಸ್ಥೆ ಸಿಐಎಸ್‌ಎ, ದಾಳಿಕೋರರು ಅತಿ ಹೆಚ್ಚು ಬಳಸಿಕೊಂಡ 10 ಲೋಪಗಳನ್ನು ಪಟ್ಟಿ ಮಾಡಿದವು. ಈ ಲೋಪವೂ ಅದರಲ್ಲಿತ್ತು.